ನೆತ್ತಿಯಾಚೆ ಇಳಿದ ಹಾದಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಕಾಶೆ ಕಚೇರಿಯ ನನ್ನ ಹಳೆಯ ಒಡನಾಡಿಗಳೇ, ಊಟದ ಹೊತ್ತಾದರೂ ಎದ್ದು ಹೋಗದ ಸಭಿಕರೇ,

ಆ ಕಾಡುಬೆಟ್ಟಗಳ ಮೊದಲ ನಕಾಶೆಗೆ ಐವತ್ತು ವರ್ಷ ತುಂಬಿತೆಂದು ನನ್ನನ್ನು ಸನ್ಮಾನಿಸಿದ್ದೀರಿ. ಸಂತೋಷಪಡಬೇಕು. ಪಡುತ್ತಿದ್ದೇನೆಯೇ? ಗೊತ್ತಾಗುತ್ತಿಲ್ಲ.

ಬೆಟ್ಟ ಅಳೆದವರು ನಾವಿಬ್ಬರು. ನಾನು ದುರ್ಬೀನಿನಲ್ಲಿ ನೋಡಿ ಬರೆದುಕೊಳ್ಳುವವನು. ನನ್ನ ಹೆಂಡತಿಯ ತಮ್ಮ ಮುಂದೆ ಹೋಗಿ ಹಾದಿ ಹುಡುಕುವವನು. ನಡೆದಲ್ಲೆಲ್ಲ ಬಂಡೆಯ ಮೇಲೆ ಉಳಿಯಿಂದ ಬಾಣದ ಗುರುತು ಕೊರೆಯುತ್ತಿದ್ದ. ಅವನು ಎಡಚ, ಬಾಣವೂ ಎಡಕ್ಕೇ ವಾಲುತ್ತಿತ್ತು. "ಇದನ್ನ ನಂಬಿದವರು ಹಳ್ಳಕ್ಕೇ ಬೀಳ್ತಾರೆ ಕಣೋ" ಎಂದು ರೇಗಿಸುತ್ತಿದ್ದೆ.

ಕೆಲಸ ಮುಗಿಯುತ್ತ ಬಂದಾಗ ಒಂದು ಸಂಜೆ ಬೆಟ್ಟದ ನೆತ್ತಿಯಲ್ಲಿ ಕೂತು ಕೇಳಿದ: "ಭಾವ, ಆ ಕಡೆ ಇಳಿದ್ರೆ ಯಾವ ಊರು ಸಿಗುತ್ತೆ?"

"ಇಳಿದವರು ಯಾರೂ ಇಲ್ಲ. ನೀನೇ ನೋಡ್ಕೊಂಡು ಬಾ" ಎಂದೆ. ಇಬ್ಬರೂ ನಕ್ಕೆವು. ಮನೆಯಲ್ಲಿ ಅವನಿಗೆ ಹೆಣ್ಣು ಗೊತ್ತುಮಾಡಿದ್ದರು. ಅವನಿಗೆ ಒಪ್ಪಿಗೆಯಿತ್ತೇ ಎಂದು ಯಾರೂ... ಇರಲಿ, ಅದು ಈ ಸಭೆಯ ವಿಷಯವಲ್ಲ.

ಮರುದಿನ ಮಂಜು ಮುಸುಕಿತು. ಅವನು ಡೇರೆಗೆ ಮರಳಲಿಲ್ಲ. ಅವನ ಟೊಪ್ಪಿ ಈ ಕಡೆಯ ಹೊಳೆಯಲ್ಲಿ ಸಿಕ್ಕಿತು. ಹೊಳೆಯ ಪಾಲಾದನೆಂದು ಎಲ್ಲರೂ ಒಪ್ಪಿಕೊಂಡೆವು. ನಕಾಶೆಯಲ್ಲಿ ಅವನು ಹುಡುಕಿದ ಹಾದಿಯನ್ನು ನೆತ್ತಿಗೇ ನಿಲ್ಲಿಸಿದೆ.

ಕಳೆದ ತಿಂಗಳು, ಹೊಸ ಸಮೀಕ್ಷೆಗೆ ಹೋದ ನಮ್ಮ ಕಚೇರಿಯ ಹುಡುಗಿಯರು ಆಚೆಯ ಇಳಿಜಾರಿನಿಂದ ಫೋಟೊಗಳನ್ನು ತಂದರು. ಬಂಡೆಬಂಡೆಗೂ ಬಾಣ, ಎಡಕ್ಕೆ ವಾಲಿದ್ದು. ಕೆಳಗೆ ಬಸ್ಸು ಓಡಾಡುವ ರಸ್ತೆಯವರೆಗೂ.

ಹಾಗಾದರೆ ಬದುಕಿದ್ದನೇ? ಮಂಜಿನಲ್ಲಿ ದಾರಿ ತಪ್ಪಿ ಇಳಿದನೇ, ಬೇಕೆಂದೇ ಇಳಿದನೇ? ಬಿಟ್ಟು ಹೋಗುವವನು ಗುರುತು ಮಾಡುತ್ತಾ ಹೋಗುತ್ತಾನೆಯೇ? ಮರಳಿ ಬರುವವನಾಗಿದ್ದರೆ ಬರಲಿಲ್ಲವೇಕೆ? ನನಗೆ ತಲೆಬುಡ ತಿಳಿಯುತ್ತಿಲ್ಲ, ಸಭಿಕರೇ.

ಫೋಟೊ ನೋಡಿ ನನ್ನ ಹೆಂಡತಿ ಮೊದಲು ನಕ್ಕಳು. ಆಮೇಲೆ, "ಇದ್ದಿದ್ರೆ ಒಂದು ಮಾತು ಹೇಳಬಾರದಿತ್ತಾ ರೀ?" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಷ್ಟು ವರ್ಷ ಸತ್ತವನಿಗಾಗಿ ಅತ್ತವಳು ಈಗ ಬದುಕಿದವನ ಮೇಲೆ ಸಿಟ್ಟಾಗಬೇಕೇ? ನಾನೇನು ಸಮಾಧಾನ ಹೇಳಲಿ?

ಅಧ್ಯಕ್ಷರು ಈಗತಾನೇ ಆ ಹಾದಿಗೆ ಅವನ ಹೆಸರಿಟ್ಟು 'ಸ್ಮಾರಕ ಪಥ' ಎಂದು ಘೋಷಿಸಿದರು. ದೊಡ್ಡ ಮನಸ್ಸು. ಆದರೆ ಮುಂದಿನ ಸಾಲಿನಲ್ಲಿ ಕೂತ ನನ್ನ ಹೆಂಡತಿ ಬೇಡವೆಂದು ಕೈಯಾಡಿಸುತ್ತಿದ್ದಾಳೆ. ಆದ್ದರಿಂದ ನಮ್ಮಿಬ್ಬರದೂ ಒಂದೇ ವಿನಂತಿ. ಹೊಸ ನಕಾಶೆಯಲ್ಲಿ ಹಾದಿಯನ್ನು ರಸ್ತೆಯವರೆಗೂ ಎಳೆಯಿರಿ. ಅವನ ಹೆಸರಿರಲಿ, 'ಸ್ಮಾರಕ' ಎಂಬುದನ್ನು ಮಾತ್ರ ತೆಗೆಯಿರಿ. ಆ ಮಾತು ಎಲ್ಲಾದರೂ ಅವನ ಕಣ್ಣಿಗೆ ಬಿದ್ದರೆ, ಮನೆಯಲ್ಲಿ ತನ್ನನ್ನು ಕಾಯುವವರು ಯಾರೂ ಇಲ್ಲವೆಂದುಕೊಂಡಾನು.

ಮುದುಕನ ಗಲಿಬಿಲಿಯನ್ನು ತಾಳ್ಮೆಯಿಂದ ಕೇಳಿಸಿಕೊಂಡಿರಿ, ನಿಮಗೆಲ್ಲ ಋಣಿ. ನಮಸ್ಕಾರ.