ಮುಂದಿನ ಶಾಫ್ಟಿನ ಗುಬ್ಬಿ

ಗುಬ್ಬಿಯಂತೆ ಗುಬ್ಬಿ! ಪಿಕಪ್ ಗಾಡಿಯೊಳಗೆ ಗುಬ್ಬಿ ಎಲ್ಲಿಂದ ಬರುತ್ತೆ? ನಗು... ನಗು. ಹೇಳಿದ್ದು ನಿನ್ನ ತಂಗಿ ಗಂಡ ಅಲ್ವಾ, ನಗು ಬರುತ್ತೆ. ನಾನು ಹೇಳಿದ್ದಕ್ಕೆ ಯಾವತ್ತಾದ್ರೂ ನಕ್ಕಿದ್ದೀಯಾ?

ಈ ಕಡೆ ತಿರುಗಿ ಕೂತ್ಕೋ. ನನ್ನ ಕಡೆ. ಗಾಡಿ ಸ್ಟ್ಯಾಂಡ್ ಮೇಲಿದೆ, ನಾಲ್ಕೂ ಚಕ್ರ ನೆಲ ಬಿಟ್ಟಿವೆ, ಎಲ್ಲಿಗೂ ಓಡಲ್ಲ. ಗೇರ್ ಹಾಕು. ಹಾಂ... ಹಿಂದಿನ ಎರಡು ತಿರುಗಿದ್ವು. ಈಗ ಆ ಚಿಕ್ಕ ಲಿವರ್. ಫೋರ್ ವೀಲ್. ಮುಂದಿನವೂ ತಿರುಗಿದ್ವು. ಬಂತಾ ಸದ್ದು?

ಯಾಕೆ ಹಾಗೆ ನೋಡ್ತೀಯಾ? ನನಗೆ ಬಂತು. ನಿನಗೆ ಬಂತಾ ಅಂತ ಕೇಳಿದೆ, ಅಷ್ಟೆ.

ಗೇರ್ ಬಾಕ್ಸ್ ಬೇರಿಂಗ್. ಖಂಡಿತ. ಈ ಸ್ಕ್ರೂಡ್ರೈವರ್ ತುದಿ ಅದಕ್ಕೆ ಒತ್ತಿ ಹಿಡಿಕೆ ಕಚ್ಚಿದ್ರೆ, ತಲೆಬುರುಡೆ ಪೂರ್ತಿ ಗುಂಯ್ ಅನ್ನುತ್ತೆ. ಕಿವಿ ಯಾಕೆ ತೋರಿಸ್ತೀಯಾ? ಕಿವಿಗೆ ಎಲ್ಲರೂ ಇಡ್ತಾರೆ. ಹಲ್ಲಿಗೆ ಇನ್ನೂ ಚೆನ್ನಾಗಿ ತಿಳಿಯುತ್ತೆ.

ಏನಂದೆ? ಗೇರ್ ಬಾಕ್ಸ್ ಆದ್ರೆ ಲಿವರ್ ಹಾಕದೆಯೂ ಬರಬೇಕಿತ್ತಾ? ಓಹೋ... ಇದೂ ಅವನೇ ಹೇಳಿಕೊಟ್ಟ ಪಾಠ.

ಹೌದು, ಮುಂದಿನ ಚಕ್ರದ ಬೇರಿಂಗ್ ಬದಲಾಯಿಸಿದ್ದೆ. ಎರಡೂ. ಸದ್ದು ಹೋಗಿಲ್ಲ ಅಂತ ಇಟ್ಟಿಗೆ ಭಟ್ಟಿಯವನು ಗಾಡಿ ವಾಪಸ್ ತಂದ. ತರಲಿ. ಅದಕ್ಕೆ ನೀನು ಎದುರು ಬೀದಿಗೆ ಓಡೋದಾ? ಅವನನ್ನೇ ಕರ್ಕೊಂಡು ಬರೋದಾ? ನನ್ನ ಶೆಡ್ಡಿಗೆ ನನ್ನ ಷಡ್ಡಕ! ಗಾಡಿ ಕೆಲಸ ಅವನಿಗೆ ಕಲಿಸಿದ್ದೇ ನಾನು.

ಬಂದ. ಬಾಗಿಲಲ್ಲೇ ನಿಂತ. ಬೆರಳಿಗೆ ಗ್ರೀಸ್ ಅಂಟಿಸ್ಕೊಳ್ಳಲಿಲ್ಲ. ಮುಂದಿನ ಶಾಫ್ಟಿನ ಕೀಲು, ಅದೇ ಕ್ರಾಸ್, ಗ್ರೀಸಿಲ್ಲದೆ ಒಣಗಿದೆ, ಗುಬ್ಬಿ ಥರ ಚಿಂವ್ ಚಿಂವ್ ಅಂತಿದೆ, ಅಂದನಂತೆ. ಅಂದನಂತೆ! ಎಂಥ ಕಿವಿ ಅಂತ ನೀನು ಕಣ್ಣರಳಿಸಿದ್ದೇ ಅರಳಿಸಿದ್ದು.

ಆಮೇಲೆ ನೀವಿಬ್ಬರೂ... ಗಾಡಿ ಅಡಿಯಿಂದ ಎಲ್ಲಾ ನೋಡ್ದೆ ಕಣೇ. ಪಿಸುಪಿಸು. ಅವನೇನೋ ಅಂದ, ನೀನು ನನ್ನ ಕಡೆ ನೋಡಿದೆ. ಅವನು ತಲೆ ಅಲ್ಲಾಡಿಸಿದ. ಇನ್ನೊಂದಿಷ್ಟು ಪಿಸುಪಿಸು. ಕಟ್ಟಿಕೊಂಡ ಗಂಡ ಇಲ್ಲೇ, ಕಾಲ ಬುಡದಲ್ಲಿ ಬಿದ್ದಿದ್ದಾನೆ!

ಏನು? ಪಿಸುಪಿಸು ಅಲ್ವಾ? ಜೋರಾಗೇ ಮಾತಾಡಿದ್ರಾ...

ಎಂಜಿನ್ ಓಡ್ತಿತ್ತಲ್ಲ. ಎಂಜಿನ್ ಸದ್ದು.

ಹೊಟ್ಟೆಕಿಚ್ಚಾ? ನನಗಾ? ಆ ಚೋಟುದ್ದದವನ ಮೇಲಾ? ಥೂ! ...ಹೌದು ಅಂತಲೇ ಇಟ್ಕೋ. ಊರು ನನ್ನನ್ನ ಕರೆಯೋದೇ ಕಿವಿ ಮೇಸ್ತ್ರಿ ಅಂತ. ತಿರುವಿನಲ್ಲಿ ಗಾಡಿ ಬಂದ್ರೆ ಯಾರದು, ಏನು ಕೆಟ್ಟಿದೆ ಅಂತ ಊಟದ ತಟ್ಟೆ ಮುಂದೆ ಕೂತೇ ಹೇಳ್ತಿದ್ದೆ. ನೀನು ಹುಳಿ ಬಡಿಸ್ತಾ ಬಡಿಸ್ತಾ... ಹೊಗಳಿದ್ದೀಯಾ ಒಂದು ಸಲ? ಹಿತ್ತಲ ಗಿಡ ಮದ್ದಲ್ಲ. ಎದುರು ಬೀದಿ ಗಿಡ ಮದ್ದು.

ನಾಳೆ ಭಟ್ಟಿಯವನು ಬಂದು ಕೇಳಿದ್ರೆ ಏನು ಹೇಳ್ಲಿ? ನನ್ನ ಷಡ್ಡಕನಿಗೆ ಕೇಳಿದ್ದು ನನಗೆ...

ಅರೆ. ಚಕ್ರ ನಿಂತ್ವು. ಯಾಕೆ ಆಫ್ ಮಾಡಿದೆ? ಕೀ ಯಾಕೆ ತೆಗೆದೆ?

ಸರಿ. ಏನೋ ಹೇಳೋದಿದೆ ನಿನಗೆ. ಹೇಳು.

ಬಾಯಿಗೆ ಯಾಕೆ ಕೈ ಅಡ್ಡ? ನಗ್ತಿದ್ದೀಯಾ? ...ನಗ್ತಿಲ್ಲ. ಕಣ್ಣಲ್ಲಿ ನಗು ಇಲ್ಲ. ಏಯ್, ಕೈ ತೆಗಿ. ಇದೆಂಥ ಆಟ, ಈ ವಯಸ್ಸಲ್ಲಿ? ಅವನು ಹೇಳಿ ಹೋದನಾ, ಹೀಗೆ ಮಾಡಿ ನೋಡು ಅಂತ?

ಕೈ ತೆಗಿಯೇ ಅಂದ್ರೆ.

ಸುಮ್ಮನಿದ್ದೀಯಾ, ತಾನೇ? ಸುಮ್ಮನೇ ಕೂತಿದ್ದೀಯಾ...

ಇಲ್ಲಾ, ಏನಾದ್ರೂ ಹೇಳ್ತಿದ್ದೀಯಾ?