ಹೊಸಿಲು ದಾಟದವಳು

ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಒಬ್ಬ ಮುದುಕ ತನ್ನ ಸರದಿಗೆ ಕಾಯುತ್ತ ಕೂತಿದ್ದ. ಪಕ್ಕದಲ್ಲಿ ಒಬ್ಬ ಅಕ್ಕ, ಅವಳ ತಮ್ಮ ಬಂದು ಕೂತರು. ಮುದುಕ ಕಣ್ಣು ಮುಚ್ಚಿಕೊಂಡ. ಕಿವಿಗೆ ರೆಪ್ಪೆ ಎಲ್ಲಿಂದ ತರುವುದು?

“ಆವತ್ತು ನಾನು ಡಾಕ್ಟರ ಮನೆ ಹೊಸಿಲೇ ದಾಟಿಲ್ಲ ಕಣೋ. ಒಂದು ಚಮಚಾನೂ ಮುಟ್ಟಿಲ್ಲ. ಗೇಟಿನ ಹತ್ರ ನಾಯಿ ಹಿಡ್ಕೊಂಡು ನಿಂತಿದ್ದೆ, ಅಷ್ಟೆ.”

“ಅಷ್ಟೇ ಸಾಕಂತೆ ಅಕ್ಕ. ಕಳ್ಳತನ ಅಂತ ಗೊತ್ತಿದ್ದೂ ಸಹಾಯ ಮಾಡಿದ್ರೆ ಕದ್ದ ಹಾಗೇ ಲೆಕ್ಕ ಅಂತಾರೆ ವಕೀಲರು.”

“ಒಳಗೆ ಹೋದೋನು ನೀನು.”

“ನೀನು ಹಿಡ್ಕೊಳ್ಳದೆ ಇದ್ದಿದ್ರೆ ಆ ನಾಯಿ ನನ್ನ ಬಿಡ್ತಿತ್ತಾ?”

“ಇದೊಂದೇ ಸಲ ಅಂತ ಕಾಲು ಹಿಡ್ಕೊಂಡೆಯಲ್ಲೋ, ಅದಕ್ಕೆ ಕರಗಿದೆ. ಇರಲಿ, ನಾನು ಅಲ್ಲಿದ್ದಿದ್ದು ಪೊಲೀಸರಿಗೆ ಯಾರು ಹೇಳಿದ್ದು?”

ತಮ್ಮ ತನ್ನ ಚಪ್ಪಲಿ ನೋಡಿಕೊಂಡ.

“ಹೇಳೋ.”

“ಜೊತೆಗಿದ್ದೋರು ಯಾರು ಅಂತ ಹೇಳಿದ್ರೆ ನಂಗೆ ಶಿಕ್ಷೆ ಕಮ್ಮಿ ಆಗ್ಬಹುದು ಅಂದ್ರು. ನಂಗೆ ಹೆಂಡ್ತಿ ಮಕ್ಕಳಿದ್ದಾರೆ ಅಕ್ಕ. ನಿಂಗೆ ಯಾರಿದ್ದಾರೆ?”

“ಹೌದಪ್ಪ. ನೀನಿದ್ದೀಯ ಅಂದ್ಕೊಂಡಿದ್ದೆ.”

ಜವಾನ ಬಾಗಿಲಿಗೆ ಬಂದು ಇಬ್ಬರನ್ನೂ ಕೂಗಿದ. ತಮ್ಮ ಎದ್ದು ಕೈ ಚಾಚಿದ. ಅಕ್ಕ ಬೆಂಚು ಹಿಡಿದುಕೊಂಡೇ ಎದ್ದಳು.

“ಅಮ್ಮ ಹೋದ ಮೇಲೆ ನಿಂಗೆ ಅನ್ನ ಹಾಕಿದ್ದು ನಾನು. ಡಾಕ್ಟರ ಮನೇಲಿ ಕೆಲಸಕ್ಕಿದ್ದಾಗ ಆ ನಾಯಿಗೆ ಹಾಕ್ತಿದ್ದಿದ್ದೂ ನಾನೇ. ಅದು ಇವತ್ತಿನವರೆಗೂ ನನ್ನ ಮೇಲೆ ಬೊಗಳಿಲ್ಲ ಕಣೋ.”

ತಮ್ಮ ಅಲ್ಲೇ ನಿಂತ. ಈ ಸಲ ಅಕ್ಕನೇ ಮೊದಲು ಹೊಸಿಲು ದಾಟಿದಳು.