ಸಡಕ್ ಮುಗಿಯೋ ಜಾಗ

ಆ ವರ್ಷ ಉತ್ತರಿ ಮಳೆ ಬಿಡದೆ ಹಿಡಿದಿತ್ತು. ನಾನು ಹೆದ್ದಾರಿ ಸರ್ವೆ ತಂಡದಲ್ಲಿ ನಕ್ಷೆ ಬರೆಯುವವನು. ಕುಷ್ಟಗಿಯ ಕೂಡುರಸ್ತೆ ಮುಟ್ಟುವ ಮೊದಲೇ ನಮ್ಮ ಜೀಪು ಎರೆಮಣ್ಣಿನಲ್ಲಿ ಹೂತುಹೋಗಿ, ನಾವು ನಾಲ್ವರೂ ತೊಯ್ದುಕೊಂಡೇ ನಡೆದು, ಕೂಡುರಸ್ತೆಯ ಮೇಲಿದ್ದ ಕಾಸೀಮಬೀಯ ಚಹಾದಂಗಡಿಗೆ ನುಗ್ಗಿದೆವು. ಮಧ್ಯಾಹ್ನ ಮೂರು ಗಂಟೆಗೇ ಮಬ್ಬು ಕವಿದಿತ್ತು. ಎಪ್ಪತ್ತು ದಾಟಿದ ಆ ಮುದುಕಿ ನಮ್ಮನ್ನು ಬರ್ರಿ ಅನ್ನಲಿಲ್ಲ. ನಮ್ಮ ಕೈಯಲ್ಲಿದ್ದ ಅಳತೆ ಸರಪಳಿ ನೋಡಿ ಮುಖ ಗಂಟಿಕ್ಕಿದಳು.

ನಮ್ಮ ವೆಂಕೋಬ ಇಲ್ಲಿಯವನೇ. ಸರಪಳಿ ಒರೆಸುತ್ತ ಸುಮ್ಮನೆ ಮಾತು ತೆಗೆದ. "ಅಮ್ಮಾ, ಬೇವೂರಿನ ಹೊರಗ ಒಂದು ಕಡೆ ಸಡಕ್ ಕುಸೀತಾನ ಐತಿ. ಎಷ್ಟು ಖಡಿ ಸುರುವಿದ್ರೂ ನೆಲ ನುಂಗಾಕತ್ತೈತಿ. ಕೆಳಗ ಏನೈತಿ ಅಲ್ಲಿ?"

ಮುದುಕಿ ಒಲೆಯ ಮುಂದಿನಿಂದ ಎದ್ದು ಬಂದು, ಚಹಾದ ಬಟ್ಟಲುಗಳನ್ನು ನಮ್ಮ ಮುಂದಿಟ್ಟು ಎದುರಿಗೆ ಕೂತಳು.

"ಏನೈತಿ ಅಂತ ಕೇಳ್ತೀಯಾ? ನನ್ನ ಕೇಳ್ತೀಯಾ? ... ಕೇಳು ಹಂಗಾದ್ರ. ನೀವೂ ಕೇಳ್ರಿ ಸಾಹೇಬ್ರ, ಸಡಕ್ ಅಳಿಯಾಕ ಬಂದೀರಿ, ನಿಮಗಿದು ಗೊತ್ತಿರಬೇಕು.

ನಿಜಾಮರ ಕಾಲ ಅದು. ನನಗ ಹದಿನೆಂಟೋ ಹತ್ತೊಂಬತ್ತೋ, ಆಗಷ್ಟ ಮದುವಿಯಾಗಿತ್ತು, ಸಡಕಿನ ಗ್ಯಾಂಗಿನಾಗ ಕಲ್ಲು ಒಡದು ಖಡಿ ಮಾಡಾಕ ಹೋಗ್ತಿದ್ದೆ. ಆವಾಗ ಈ ಸಡಕ್ ಇಷ್ಟುದ್ದ ಎಲ್ಲಿತ್ತು? ಲಿಂಗಸೂರು ಕಡೆಯಿಂದ ಬಂದು, ಕುಷ್ಟಗಿ ದಾಟಿ, ಬೇವೂರಿನ ಹೊರಗ ಸುಮ್ಮನ ನಿಂತುಬಿಡ್ತಿತ್ತು. ಅದರ ಮುಂದ ಬರೀ ಎರಿಹೊಲ, ಬಂಡಿ ದಾರಿ. ಮೋಟಾರು ಅಲ್ಲಿಗಿ ಬಂದು ತಿರುಗಿ ಹೋಗೋದು, ಮಂದಿ ಅಲ್ಲೇ ಇಳಿಯೋರು. ಆ ಜಾಗದಾಗ ಗಾಳೆಮ್ಮ ಅನ್ನಾಕಿ ಒಂದು ಖಾನಾವಳಿ ಇಟ್ಟಿದ್ಲು. ರಂಡಮುಂಡಿ ಹೆಂಗಸು, ಹಿಂದಿಲ್ಲ ಮುಂದಿಲ್ಲ. ಒಂದು ಗುಡಿಸಲಾ, ಒಂದು ಮೆಟ್ಟಿಲ ಬಾವಿ. ಆ ಬಾವಿ ಆಕಿ ಗಂಡ ಹಾರಿ ಗುದ್ದಲಿ ಹಿಡದು ತೋಡಿದ್ದು, ಆಕಿ ಮಣ್ಣು ಹೊತ್ತಿದ್ದು. ಗ್ಯಾಂಗಿನ ಹೆಣ್ಣಮಕ್ಕಳು ಹಸದು ಹೋದ್ರ, ಜಾತಿ ಕೇಳ್ತಿದ್ದಿಲ್ಲ, ಬಿಸಿ ರೊಟ್ಟಿ ಮ್ಯಾಲ ಝುಣಕಾ ಇಟ್ಟು ಕೊಡ್ತಿದ್ಲು. ನನಗ ಎಷ್ಟು ಸಲ ಕೊಟ್ಟಾಳೋ... ಆ ಲೆಕ್ಕ ದೇವರ ಹತ್ರ ಐತಿ.

ಒಂದು ದಿನ ಹುಕುಂ ಬಂತು. ಸಡಕ್ ಯಲಬುರ್ಗಿಗೆ ಹೋಗಬೇಕು. ಕೊನಿ ಇನ್ನ ಮ್ಯಾಲ ಅಲ್ಲಿ. ನೆಟ್ಟಗ ಎಳದ್ರ ದಾರಿಗಿ ಅಡ್ಡ ಏನು ಬರತೈತಿ? ಆಕಿ ಗುಡಿಸಲಾ, ಆಕಿ ಬಾವಿ.

ನಮ್ಮ ಮೇಸ್ತ್ರಿ ಕೊಟ್ರಬಸಪ್ಪ. ಮೀಸಿ ದಪ್ಪ, ಮಾತು ಒರಟು. ಗುಡಿಸಲಾ ಕಿತ್ತಿಸಿ ಒಲಿ ಒದ್ದ. ಗಾಳೆಮ್ಮ ಅಳಲಿಲ್ಲ. ಸೀದಾ ಹೋಗಿ ಬಾವ್ಯಾಗ ಇಳದು, ನೀರಿಗೆ ತಾಕಿದ ಕಡೀ ಮೆಟ್ಟಿಲ ಮ್ಯಾಲ ಕುಂತ್ಲು. 'ಸಡಕ್ ಇಲ್ಲೇ ಮುಗೀಬೇಕು. ಇದು ಕೊನಿ, ಇದು ನನ್ನ ಜಾಗ. ನಾ ಏಳಂಗಿಲ್ಲ' ಅಂದ್ಲು. ಎರಡು ದಿನ ಕುಂತ್ಲು. ಮೂರನೇ ದಿನಕ್ಕ ಕೆಲಸ ನೋಡಾಕ ದೊಡ್ಡ ಅಧಿಕಾರಿ ಮೋಟಾರು ಆ ದಾರಿಲೇ ಬರೋದಿತ್ತು.

ಎರಡನೇ ದಿನ ಮಧ್ಯಾಹ್ನ ಎಲ್ಲಾರೂ ಬುತ್ತಿ ಬಿಚ್ಚಾಕ ಗಿಡದ ಬುಡಕ್ಕ ಹೋಗಿದ್ರು. ಮೇಸ್ತ್ರಿ ನಮ್ಮ ನಾಲ್ಕು ಮಂದಿನ್ನ ಕರದ. 'ಆಕಿ ಎದ್ದು ತವರಿಗಿ ಹೋಗ್ಯಾಳ. ಬಾವಿ ಖಾಲಿ ಐತಿ. ಸುರುವ್ರಿ ಖಡಿ' ಅಂದ. ನಾ ಬುಟ್ಟಿ ಹೊತ್ತು ದಂಡಿಗಿ ನಿಂತು ಬಗ್ಗಿ ನೋಡಿದೆ... ಕತ್ತಲು. ಕತ್ತಲದಾಗ ಎರಡು ಕಣ್ಣು. 'ಕಾಸೀಮಾ' ಅಂದ್ಲು ಆಕಿ, ರೊಟ್ಟಿ ಕೊಡಾಕ ಕರದಂಗ, ಅಷ್ಟ ಮೆತ್ತಗ.

ಏನ್ ಮಾಡಿದೆ ಅಂತೀರಿ? ಹಿಂದ ಮೇಸ್ತ್ರಿ ನಿಂತಿದ್ದ. 'ಯಾಕ ನಿಂತಿ?' ಅಂದ. ಒಲ್ಲೆ ಅಂದ್ರ ನನ್ನೂ ತಳ್ಳತಿದ್ದನೋ ಏನೋ... ಹಂಗಂತ ಐವತ್ತು ವರ್ಷ ನನಗ ನಾನ ಹೇಳಿಕೊಂಡೀನಿ. ಸುರುವಿದೆ. ಮೊದಲನೇ ಬುಟ್ಟಿ ನಂದು. ಉಳದ ಮೂವರು ಬಗ್ಗಿ ನೋಡಲೇ ಇಲ್ಲ, ಹಿಂದಿನಿಂದ ಸುರುವಿದ್ರು. ಸಂಜಿಗಿ ಬಾವಿ ತುಂಬಿತು. ಮರುದಿನ ಅದರ ಮ್ಯಾಲ ಕಲ್ಲಿನ ರೂಲು ಎಳದು ಸಡಕ್ ಸಮ ಮಾಡಿದ್ವಿ.

ಈಗ ಗೊತ್ತಾತೇನೋ ವೆಂಕೋಬಾ, ಕೆಳಗ ಏನೈತಿ ಅಂತ?"

ವೆಂಕೋಬ ಸರಪಳಿಯನ್ನು ಕೆಳಗಿಟ್ಟ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು.

"ಸಡಕ್ ಯಲಬುರ್ಗಿ ಮುಟ್ಟಿತು. ಕೊಟ್ರಬಸಪ್ಪ ಏನ್ ಮಾಡಿದ? ಮೇಸ್ತ್ರಿಕಿ ಬಿಟ್ಟು, ಮೋಟಾರು ತಿರುಗೋ ಆ ಹೊಸಾ ಕೊನ್ಯಾಗ ತಾನ ಖಾನಾವಳಿ ಹಾಕಿದ. ತಿಂಗಳಾಗಿರಬೇಕು. ನಡುಮಧ್ಯಾಹ್ನ, ಬಿಸಲು ಬಡೀತಿತ್ತು, ಊಟಕ್ಕ ಹತ್ತು ಮಂದಿ ಕುಂತಿದ್ರು. ಒಬ್ಬಾಕಿ ಹೆಂಗಸು ಬಾಗಲದಾಗ ಬಂದು ನಿಂತ್ಲು. ತಲಿಯಿಂದ ಕಾಲತನಕ ಕಲ್ಲಿನ ಧೂಳು, ರೆಪ್ಪಿ ಮ್ಯಾಲೂ ಧೂಳು. 'ಸಡಕ್ ಇಲ್ಲೇ ಮುಗೀತೈತೇನ್ರಿ?' ಅಂತ ಕೇಳಿದ್ಲು. 'ಹೌದು, ಇಲ್ಲೇ' ಅಂದ ಇಂವ, ತಲಿ ಎತ್ತಲಿಲ್ಲ. 'ಹಂಗಾದ್ರ ಏಳು. ಇದು ನನ್ನ ಜಾಗ.'

ತಲಿ ಎತ್ತಿ ನೋಡಿದ. ಮಂದಿ ಹೇಳ್ತಾರ, ಅವನ ಬಾಯಾಗಿನ ತುತ್ತು ಹಂಗ ಕೆಳಗ ಬಿತ್ತಂತ. ಆದ್ರೂ ಸೊಕ್ಕು ನೋಡ್ರಿ... ಕಟಗಿ ತಗೊಂಡು ಎದ್ದ, ಆಕಿನ್ನ ಹೊರಗ ದಬ್ಬಿದ. ಕೈಗಿ ಬರೇ ಧೂಳು ಹತ್ತಿತು.

ಮರುದಿನ ಮುಂಜಾನಿ ಅವನ ಖಾನಾವಳಿ ಹಿಂದಿನ ಬಾವಿಗಿ ಕೊಡ ಬಿಟ್ರ ಮುಳುಗವಲ್ದು. ಖಣ್ ಅಂತು, ಕಲ್ಲಿಗಿ ಬಡದಂಗ. ಅದರ ಮರುದಿನ ನೀರು ಇನ್ನಷ್ಟು ಮ್ಯಾಲ ಬಂತು, ಕಲ್ಲೂ ಮ್ಯಾಲ ಬಂತು. ಮೂರನೇ ದಿನ ಅಂವ ಸೊಂಟಕ್ಕ ಹಗ್ಗ ಕಟಿಗೊಂಡು ನೋಡಾಕ ತಾನ ಇಳದ. ಹಗ್ಗ ಹಿಡದವ್ರು ನಾಲ್ಕು ಮಂದಿ ಗಟ್ಟಿ ಆಳು. ಅವರ ಕೈಯಾಗಿನ ಹಗ್ಗ ಒಮ್ಮೆಲೇ ಹಗುರಾತು...

ಬಾವಿ ತೋಡಾಕ ನಮ್ಮ ಗ್ಯಾಂಗ ಕರಿಸಿದ್ರು. ದಂಡಿತನಕ ಖಡಿ ತುಂಬಿತ್ತು ಸಾಹೇಬ್ರ. ಒಂದು ಬಂಡಿ ಬಂದಿದ್ದಿಲ್ಲ, ಒಬ್ಬ ಆಳು ಹೊತ್ತಿದ್ದಿಲ್ಲ. ನಾ ಒಂದು ಕಲ್ಲು ಕೈಯಾಗ ತಗೊಂಡು ನೋಡಿದೆ. ಬೇವೂರಿನ ಕರೀಕಲ್ಲು. ಒಂದು ಮಗ್ಗಲ ಎಡಕ್ಕ ಓರಿ ಹೊಡದದ್ದು, ನಾ ಎಡಗೈಯಾಕಿ. ನನ್ನ ಕೈಲೆ ಒಡದ ಖಡಿ ನನಗ ತಿಳಿಯಂಗಿಲ್ಲೇನು? ಎಂಟು ದಿನ ತೋಡಿದ್ವಿ. ಕೊಟ್ರಬಸಪ್ಪನ ರುಮಾಲು ಸಿಕ್ತು. ಅಂವ ಸಿಗಲಿಲ್ಲ.

ಲಡಾಯಿ ನಡದಾಗ ಸಡಕ್ ಕೊಪ್ಪಳದ ಟೇಸನ್ ತನಕ ಹೋತು. ಕೊನಿ ಅಲ್ಲಿಗಿ ಸರೀತು. ಅಲ್ಲಿ ಮರಳಿ ಅನ್ನೋ ಊರಿನ ಹೇಮಪ್ಪ ಅನ್ನಾಂವ ಚಹಾದಂಗಡಿ ಇಟ್ಟಿದ್ದ, ಛಲೋ ಮನಿಷ್ಯಾ. ಆಕಿ ಬಂದು ಅದ ಮಾತು ಕೇಳಿದ್ಲು. ಇಂವ ಆಕಿ ಮಾರಿ ನೋಡಿದ, ಏನು ತಿಳೀತೋ ಏನೋ, ಎದ್ದು ನಿಂತ. 'ಬಾ ಯವ್ವಾ, ಕುಂದ್ರು. ನಿನ್ನ ಜಾಗ ನೀ ತಗೋ' ಅಂತ ಅಂದು, ಒಲಿ ಮ್ಯಾಲಿನ ಚಹಾ ಸೈತ ಇಳಸದ ಊರಿಗಿ ಹೋಗಿಬಿಟ್ಟ. ಅಂವ ಬದುಕಿದ. ಅವನ ಹಿಂದ ಆ ಅಂಗಡಿ ಹಿಡದಾಂವ ಬದುಕಲಿಲ್ಲ.

ಆಮ್ಯಾಲ ನಿಜಾಮರು ಹೋದ್ರು. ಸರಕಾರ ಬದಲಾದಂಗ ಸಡಕ್ ಉದ್ದಾತು. ಹೊಸಪೇಟಿ ಅಂದ್ರು, ಅದರಾಚೆ ಅಂದ್ರು, ಈಗ ಘಟ್ಟ ಇಳದು ಸಮುದ್ರ ಮುಟ್ಟೈತಿ ಅಂತಾರ. ನನಗ ಖುಷಿ ಆಗ್ತಿತ್ತು, ಸುಳ್ಳು ಯಾಕ ಹೇಳಲಿ? ಕೊನಿ ಮುಂದ ಹೋದಷ್ಟು ಆಕೀನೂ ಮುಂದ ಹೋಗ್ತಾಳ. ನಡ್ಕೊಂತ ಹೋಗ್ತಾಳ, ಪಾಪ... ನಾ ಬೇಕಂತ ಈ ಕುಷ್ಟಗ್ಯಾಗ ಅಂಗಡಿ ಹಾಕಿದೆ. ಎರಡೂ ಕೊನಿಗಿ ದೂರ, ನಟ್ಟನಡು. ಗಂಡ ತೀರಿದ, ಮಕ್ಕಳು ದೊಡ್ಡಾದ್ರು, ಆಕಿ ಈ ಕಡೆ ಹಾಯಲಿಲ್ಲ.

ಹೋದ ತಿಂಗಳು ನಿಮ್ಮ ದೊಡ್ಡ ಸಾಹೇಬ ಇಲ್ಲೇ ಕುಂತು ಚಹಾ ಕುಡೀತಾ ಹೇಳಿದ. ಸಡಕ್ ಭಾಳ ಉದ್ದಾತಂತ. ಕಡದು ಎರಡು ಮಾಡ್ತಾರಂತ, ಬ್ಯಾರೆ ಬ್ಯಾರೆ ನಂಬರ ಕೊಡ್ತಾರಂತ. ಒಂದರ ಕೊನಿ ಎಲ್ಲಿ ಬರತೈತಿ ಅಂತ ಕೇಳಿದೆ. ನಕ್ಕೊಂತ ನನ್ನ ಅಂಗಡಿ ಕಡೆ ಕೈ ಮಾಡಿದ."

ನನ್ನ ಬಗಲಲ್ಲಿದ್ದ ನಕ್ಷೆಯ ಸುರುಳಿಯನ್ನು ಅವಳು ದಿಟ್ಟಿಸಿದಳು. ನಾನು ಅದನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡೆ. ಅದರ ಮೇಲೆ ಈ ಕೂಡುರಸ್ತೆಗೆ ಹೆದ್ದಾರಿಯ ಕೊನೆಯೆಂದು ಕೆಂಪು ಗುರುತು ಹಾಕಿದವನು ನಾನೇ.

"ಅಮ್ಮಾ, ಮಗನ ಮನಿಗಿ ಹೋಗಿಬಿಡ್ರಲ್ಲಾ" ಅಂದ ವೆಂಕೋಬ.

"ಹೇಮಪ್ಪ ಹೋದ, ಬದುಕಿದ. ಅಂವಗ ಆಕಿ ರೊಟ್ಟಿ ಉಣಿಸಿದ್ದಿಲ್ಲ." ಮುದುಕಿ ನಮ್ಮ ಮುಂದಿದ್ದ ಚಹಾದ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿಕೊಂಡಳು. "ಕುಡದದ್ದು ಆತಲ್ಲ, ಎದ್ದು ಹೋಗ್ರಿ. ಇನ್ನೊಂದು ಸಲ ಚಹಾ ಕೇಳಬ್ಯಾಡ್ರಿ, ಕಾಸೋಣಂದ್ರ ನೀರಿಲ್ಲ. ಇಷ್ಟು ಮಳಿ ಹೊಡದೈತಿ... ನಿನ್ನೆ ಮುಂಜಾನಿಯಿಂದ ನನ್ನ ಹಿತ್ತಲದ ಬಾವ್ಯಾಗ ಕೊಡ ಮುಳುಗವಲ್ದು."